ಹಬ್ಬದ ಅಡುಗೆ, ಸಾಮೂಹಿಕ ಭೋಜನ ಮತ್ತು ಗ್ರಾಮದ ಆರೋಗ್ಯ

ಶ್ರಾವಣದ ನಾಗರಪಂಚಮಿಯಿಂದ ಕಾರ್ತಿಕದ ದೀಪೋತ್ಸವದವರೆಗೆ ಗ್ರಾಮಗಳಲ್ಲಿ ಒಂದಿಲ್ಲೊಂದು ಹಬ್ಬ, ಅದರ ಜೊತೆಗೆ ಗಣೇಶೋತ್ಸವದ ಹಾಗೂ ದೇವಸ್ಥಾನಗಳ ಅನ್ನಸಂತರ್ಪಣೆ ನಡೆಯುತ್ತಲೇ ಇರುತ್ತದೆ. ಮನೆಯ ಅಡುಗೆ ಕೆಟ್ಟರೆ ಒಂದು ಕುಟುಂಬಕ್ಕೆ ತೊಂದರೆಯಾದೀತು. ಸಾವಿರ ಜನರ ಪಂಕ್ತಿಯಲ್ಲಿ ಕೆಟ್ಟರೆ ಒಂದೇ ರಾತ್ರಿಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹಾಸಿಗೆಗಳು ಸಾಲದಾಗುತ್ತವೆ. ಕುಡಿಯುವ ನೀರು ಮತ್ತು ನೈರ್ಮಲ್ಯ ಗ್ರಾಮ ಪಂಚಾಯಿತಿಯ ಹೊಣೆಯಾಗಿರುವುದರಿಂದ ಸಂತರ್ಪಣೆಯ ಸುರಕ್ಷತೆಯನ್ನು ಅಡುಗೆಭಟ್ಟರಿಗಷ್ಟೇ ಬಿಟ್ಟುಬಿಡುವಂತಿಲ್ಲ.

ಸಾಮೂಹಿಕ ಅಡುಗೆಯಲ್ಲಿ ದೊಡ್ಡ ಶತ್ರು ಕಾಲಹರಣ. ಬೇಯಿಸಿದ ಆಹಾರವು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿದ್ದಾಗ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ. ಆದ್ದರಿಂದ ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನ ನಿಧಾನವಾಗಿ ಆರುತ್ತಿರುವಾಗ ಅವು ಮೊಳೆತು, ವಾಂತಿ ತರುವ ವಿಷವನ್ನು ಉತ್ಪಾದಿಸುತ್ತವೆ. ಈ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ನಸುಕಿನಲ್ಲಿ ಅನ್ನ ಮಾಡಿ, ಅದನ್ನೇ ಚಿತ್ರಾನ್ನ ಕಲಸಿ ಮಧ್ಯಾಹ್ನ ಎರಡು ಗಂಟೆಗೆ ಬಡಿಸುವ ಪದ್ಧತಿಯ ಅಪಾಯ ಇಲ್ಲಿದೆ. ದೊಡ್ಡ ಕೊಳಗದ ನಡುಭಾಗ ತಣ್ಣಗಾಗಲು ಹಲವು ಗಂಟೆಗಳು ಬೇಕು. ಪಂಕ್ತಿಗೆ ತಕ್ಕಂತೆ ಎರಡು ಮೂರು ಬಾರಿ ಅನ್ನ ಬೇಯಿಸುವುದು, ಸಾರು ಹುಳಿಗಳನ್ನು ಸಣ್ಣ ಉರಿಯ ಮೇಲೆಯೇ ಇಟ್ಟು ಬಡಿಸುವುದು ಇದಕ್ಕೆ ಸರಳ ಪರಿಹಾರ. ಭಟ್ಟರಿಗೆ ಶ್ರಮ ಹೆಚ್ಚುತ್ತದೆ, ಸೌದೆಯೂ ಹೆಚ್ಚು ಬೇಕು. ಆದರೂ ಸಮಿತಿಯವರು ಮೊದಲೇ ಇದಕ್ಕೆ ಒಪ್ಪಿಸಬೇಕು.

ಎರಡನೆಯದು ನೀರು. ಸಂತರ್ಪಣೆಗೆ ಒಂದು ದಿನ ಮೊದಲು ಟ್ಯಾಂಕನ್ನು ತೊಳೆಸಿ ಕ್ಲೋರಿನೀಕರಣ ಮಾಡಿಸಬೇಕು. ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಸಾಕಾಗುತ್ತದೆ. ಅಂದರೆ 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯದೆ ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ನೀರು ಹರಿಸಬೇಕು. ತೆರೆದಿಟ್ಟ ಚೀಲದ ಹಳೆಯ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಅಂಥದನ್ನು ಎಷ್ಟು ಹಾಕಿದರೂ ದಾಖಲೆ ಪುಸ್ತಕ ತುಂಬುತ್ತದೆಯೇ ಹೊರತು ನೀರು ಶುದ್ಧವಾಗುವುದಿಲ್ಲ. ಆದ್ದರಿಂದ ನೀರಗಂಟಿಯು ಪರೀಕ್ಷಾ ಕಿಟ್‌ನಿಂದ ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ನೋಡುವುದು ಅಗತ್ಯ. ಅದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು.

ವಾಂತಿ ಭೇದಿ ಇರುವವರನ್ನು, ಕೈಯಲ್ಲಿ ಕೀವಿನ ಗಾಯ ಇರುವವರನ್ನು ಅಡುಗೆಗೂ ಬಡಿಸುವುದಕ್ಕೂ ಸೇರಿಸಬಾರದು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ, ಮೊಸರು ಇಡಬಾರದು. ಇನ್ನು, 2018ರ ಡಿಸೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ಸೇವಿಸಿ ಹದಿನೈದಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅದು ಅಶುಚಿತ್ವದಿಂದ ಆದದ್ದಲ್ಲ, ದುಷ್ಕೃತ್ಯ. ಆದರೆ ಅಡುಗೆಮನೆ ಮತ್ತು ಉಗ್ರಾಣದ ಮೇಲೆ ಹೊಣೆಯುಳ್ಳವರ ಕಣ್ಣು ಸದಾ ಇರಬೇಕೆಂಬುದು ಅಲ್ಲಿಂದ ತಿಳಿಯಬೇಕಾದ ಮಾತು.

ಮನೆಯ ಹಬ್ಬದಡುಗೆಯಲ್ಲಿ ಅಪಾಯ ಬೇರೆ ಬಗೆಯದು. ಒಮ್ಮೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದರಿಂದ ಅದರಲ್ಲಿ ಹಾನಿಕಾರಕ ಪದಾರ್ಥಗಳು ಹೆಚ್ಚುತ್ತವೆ. ಕಪ್ಪಾಗಿ, ನೊರೆ ಬಂದು, ಬೇಗ ಹೊಗೆಯಾಡುವ ಎಣ್ಣೆಯನ್ನು ಚೆಲ್ಲುವುದೇ ಲೇಸು. ಬೆಲ್ಲದ ಸಿಹಿ ಮಧುಮೇಹಿಗಳಿಗೆ ಬಾಧಕವಲ್ಲವೆಂಬ ನಂಬಿಕೆ ಹಲವೆಡೆ ಇದೆ. ಬೆಲ್ಲದ ಬಹುಪಾಲು ಸಕ್ಕರೆಯೇ ಆಗಿದ್ದು, ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಸೇರಿಸಿದ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ, ಎಂದರೆ ಆರು ಚಮಚೆಯೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಉಪ್ಪು 5 ಗ್ರಾಂ ಒಳಗೆ. ಉಪ್ಪಿನಕಾಯಿ, ಹಪ್ಪಳಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕಾಗಿ ಹಬ್ಬವನ್ನು ಸಪ್ಪೆ ಮಾಡಬೇಕಿಲ್ಲ. ಪಂಚಮಿಯಂದು ಬಾಣಲೆ ಇಡದೆ ಹಬೆಯಲ್ಲಿ ಬೇಯಿಸಿದ ಕಡುಬು ಮಾಡುವ ಮನೆಗಳು ಇಂದಿಗೂ ಇವೆ. ಶೇಂಗಾ ಉಂಡೆ, ಎಳ್ಳುಂಡೆ, ನವರಾತ್ರಿಯ ಕಡಲೆ ಉಸಲಿ, ಹೆಸರುಬೇಳೆ ಕೋಸಂಬರಿ ಪೌಷ್ಟಿಕವೇ. ಎಲೆಯ ತುದಿಯಲ್ಲಿ ಒಂದು ಚಮಚೆ ಬಡಿಸುವ ಕೋಸಂಬರಿಯನ್ನು ಒಂದು ಸೌಟು ಬಡಿಸಿ, ಎರಡನೆಯ ಹೋಳಿಗೆಗೆ ಒತ್ತಾಯ ಮಾಡದಿದ್ದರೆ ಅರ್ಧ ಕೆಲಸವಾದಂತೆ. ಈ ಒತ್ತಾಯದ ಉಪಚಾರ ಮಧುಮೇಹವುಳ್ಳ ಹಿರಿಯರಿಗೆ ಕಷ್ಟ ತರುತ್ತದೆ.

ಜಾತ್ರೆಯ ಅಂಗಡಿಗಳ ಬಗ್ಗೆ: ರೋಡಮಿನ್-ಬಿ ಬಣ್ಣ ಬಳಸಿದ ಬೊಂಬಾಯಿ ಮಿಠಾಯಿ ಮತ್ತು ಕೃತಕ ಬಣ್ಣದ ಗೋಬಿ ಮಂಚೂರಿಯನ್ನು ರಾಜ್ಯ ಸರ್ಕಾರವು 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ತಾತ್ಕಾಲಿಕ ಆಹಾರ ಮಳಿಗೆಗಳಿಗೂ ಆಹಾರ ಸುರಕ್ಷತಾ ನೋಂದಣಿ ಬೇಕು. ಜಾಗದ ಅನುಮತಿ ಕೊಡುವಾಗಲೇ ಇದನ್ನು ಕೇಳುವುದು ಸುಲಭ.

ಎಲ್ಲ ಎಚ್ಚರಿಕೆಯ ನಂತರವೂ ಒಂದೇ ಊಟ ಮಾಡಿದ ಹಲವರಿಗೆ ವಾಂತಿ ಭೇದಿಯಾದರೆ, ಊರಿನ ಹೆಸರು ಕೆಡುತ್ತದೆಂದು ಮುಚ್ಚಿಡುವುದು ಪ್ರಾಣಕ್ಕೆ ಎರವಾಗುತ್ತದೆ. ಉಳಿದ ಆಹಾರವನ್ನು ಬಡಿಸುವುದನ್ನು ತಕ್ಷಣ ನಿಲ್ಲಿಸಿ, ಪರೀಕ್ಷೆಗಾಗಿ ಸ್ವಲ್ಪವನ್ನು ಶುಚಿಯಾದ ಡಬ್ಬಿಯಲ್ಲಿ ಮುಚ್ಚಿ ತಂಪಾದ ಕಡೆ ಇಡಬೇಕು. ಆಶಾ ಕಾರ್ಯಕರ್ತೆಗೂ ವೈದ್ಯಾಧಿಕಾರಿಗೂ ಕೂಡಲೇ ತಿಳಿಸಬೇಕು. ವಾಹನ ಬರುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಒಂದು ದೊಡ್ಡ ಪೊಟ್ಟಣದ ಪ್ರಮಾಣದಲ್ಲಿ ಓಆರ್‌ಎಸ್ ಕಲಸಿ ರೋಗಿಗೆ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಮಕ್ಕಳನ್ನೂ ವೃದ್ಧರನ್ನೂ ಮೊದಲು ಕಳುಹಿಸಬೇಕು.