ಸವೆದ ಹುಲ್ಲುಗಾವಲು, ಸ್ಥಳೀಯ ಮರಗಳು ಮತ್ತು ಮಣ್ಣಿನ ಸಾರಜನಕ

ಸಸ್ಯಗಳಿಗೆ ಅವಶ್ಯವಾದ ಪೋಷಕಾಂಶಗಳಲ್ಲಿ ಸಾರಜನಕವು ಪ್ರಮುಖವಾದುದು. ಎಲೆಯ ಹಸುರಿಗೂ ಕಾಳಿನ ಪ್ರೋಟೀನಿಗೂ ಅದು ಬೇಕೇ ಬೇಕು. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವೇ ಇದ್ದರೂ ಸಸ್ಯಗಳು ಅದನ್ನು ಅನಿಲರೂಪದಲ್ಲಿ ಬಳಸಲಾರವು. ಮಣ್ಣಿನಲ್ಲಿರುವ ಅಮೋನಿಯಮ್ ಅಥವಾ ನೈಟ್ರೇಟ್ ರೂಪದಲ್ಲಿಯೇ ಹೀರಿಕೊಳ್ಳಬೇಕು.

ಉಷ್ಣವಲಯದಲ್ಲಿ ಕಾಡನ್ನು ಕಡಿದು, ಸುಟ್ಟು, ಹುಲ್ಲುಗಾವಲನ್ನಾಗಿ ಮಾಡಿದಾಗ ಈ ಸಂಗ್ರಹಕ್ಕೆ ಧಕ್ಕೆಯೊದಗುತ್ತದೆ. ಸುಟ್ಟ ಸೊಪ್ಪುಸದೆಯಲ್ಲಿದ್ದ ಸಾರಜನಕದ ಬಹುಭಾಗವು ಅನಿಲವಾಗಿ ಹಾರಿಹೋಗುತ್ತದೆ. ನೈಟ್ರೇಟನ್ನು ಮಳೆನೀರು ಬೇರಿಗೆ ಎಟುಕದಂತೆ ಕೆಳಕ್ಕೆ ಒಯ್ಯುತ್ತದೆ. ಮಿತಿಮೀರಿ ಮೇಯಿಸಿದ ನೆಲದ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಕ್ರಮೇಣ ಹುಲ್ಲೂ ಕ್ಷೀಣಿಸುತ್ತದೆ.

ಇಂತಹ ನೆಲಕ್ಕೆ ಸಾರಜನಕವನ್ನು ಮರಳಿ ತರಬಲ್ಲ ಮರಗಳುಂಟು. ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ ಅನೇಕ ಮರಗಳ ಬೇರುಗಂಟುಗಳಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಮರವು ಅವುಗಳಿಗೆ ಸಕ್ಕರೆಯನ್ನು ಒದಗಿಸುತ್ತದೆ. ಅವು ಗಾಳಿಯ ಸಾರಜನಕವನ್ನು ಸ್ಥಿರೀಕರಿಸಿ ಮರಕ್ಕೆ ನೀಡುತ್ತವೆ. ಉದುರಿದ ಎಲೆಗಳೂ ಸತ್ತ ಬೇರುಗಳೂ ಕೊಳೆತಾಗ ಅದು ಮಣ್ಣಿಗೆ ಸೇರಿ ನೆರೆಯ ಸಸ್ಯಗಳಿಗೂ ದೊರೆಯುತ್ತದೆ.

ಪನಾಮಾ ಕಾಲುವೆಯ ಜಲಾನಯನ ಪ್ರದೇಶದಲ್ಲಿ, ದನ ಮೇಯಿಸಿ ಕೈಬಿಟ್ಟ ಭೂಮಿಯಲ್ಲಿ ತಾನಾಗಿ ಮರಳಿ ಬೆಳೆದ ಕಾಡುಗಳನ್ನು ವಿಜ್ಞಾನಿಗಳು ಅಭ್ಯಸಿಸಿದ್ದಾರೆ. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಮೊದಲ 12 ವರ್ಷಗಳಲ್ಲಿ ಹೆಕ್ಟೇರಿಗೆ ಸುಮಾರು 50 ಟನ್ ಇಂಗಾಲವನ್ನು ಕಾಡು ಕೂಡಿಸಿಕೊಳ್ಳಲು ಬೇಕಾದ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸ್ಥಿರೀಕರಣವೇ ಒದಗಿಸಿರಬಹುದು. ಎಳೆಯ ಕಾಡಿನಲ್ಲಿ ಇಂತಹ ಮರಗಳು ಇತರ ಮರಗಳಿಗಿಂತ ಒಂಬತ್ತು ಪಟ್ಟಿನವರೆಗೆ ವೇಗವಾಗಿ ಇಂಗಾಲವನ್ನು ಸಂಗ್ರಹಿಸಿದ್ದವು. ಈ ಸಾಮರ್ಥ್ಯವು ಜಾತಿಯಿಂದ ಜಾತಿಗೆ ಭಿನ್ನವಾಗಿದ್ದುದು ಗಮನಾರ್ಹ.

ಆದಕಾರಣ ನೆಡುವ ಮರದ ಆಯ್ಕೆಯು ಮುಖ್ಯವಾಗುತ್ತದೆ. ನಮ್ಮ ಹೊಂಗೆ, ಕರಿಜಾಲಿ ಹಾಗೂ ಬನ್ನಿ ಮರಗಳಲ್ಲಿ ಬೇರುಗಂಟುಗಳಿವೆ. ಅದೇ ಕುಟುಂಬದ ಹುಣಸೆ ಮತ್ತು ಕಕ್ಕೆ ಮರಗಳಲ್ಲಿ ಅವು ಇಲ್ಲ. ಕಾಯಿಯ ಆಕಾರವನ್ನು ನೋಡಿ ಮರದ ಗುಣವನ್ನು ನಿರ್ಧರಿಸಲಾಗದು.

ಸಾರಜನಕವೊಂದೇ ಆಯ್ಕೆಯ ಅಳತೆಗೋಲೂ ಅಲ್ಲ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿಯೂ ಸಾರಜನಕವನ್ನು ಸ್ಥಿರೀಕರಿಸುತ್ತದೆ. ಆದರೆ ಗುಜರಾತಿನ ಕಚ್ ಪ್ರದೇಶದಲ್ಲಿ 1960ರ ದಶಕದಲ್ಲಿ ನೆಟ್ಟ ಈ ಮರವು ಹಬ್ಬಿ, ಅಲ್ಲಿನ ವಿಶಾಲ ಹುಲ್ಲುಗಾವಲನ್ನು ಆಕ್ರಮಿಸಿತು. ದನಗಾಹಿಗಳ ಮೇವು ಕಡಿಮೆಯಾಯಿತು. ಮೂಲತಃ ಹುಲ್ಲುಗಾವಲೇ ಆಗಿರುವ ನೆಲವನ್ನು ಕಾಡಾಗಿ ಮಾರ್ಪಡಿಸುವುದು ಉಚಿತವಲ್ಲ. ಕಾಡನ್ನು ಕಳೆದುಕೊಂಡು ಬರಡಾದ ನೆಲಕ್ಕೆ ಮಾತ್ರ ಈ ಚಿಕಿತ್ಸೆ ಸಲ್ಲುತ್ತದೆ.

ಸಸಿ ನೆಟ್ಟಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆರಂಭದ ವರ್ಷಗಳಲ್ಲಿ ಬೆಂಕಿ ಹಾಗೂ ಜಾನುವಾರುಗಳಿಂದ ರಕ್ಷಣೆ ಅಗತ್ಯ. ರಂಜಕದ ಕೊರತೆಯಿರುವ ಮಣ್ಣಿನಲ್ಲಿ ಬೇರುಗಂಟುಗಳ ಕಾರ್ಯವೂ ಕುಂಠಿತವಾಗುತ್ತದೆ. ಇದನ್ನು ಮಣ್ಣಿನ ಪರೀಕ್ಷೆಯಿಂದ ತಿಳಿಯಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಉದುರಿದ ತರಗೆಲೆಯನ್ನು ಗುಡಿಸಿ ಒಯ್ಯದೆ, ಸುಡದೆ, ಮರದ ಬುಡದಲ್ಲಿಯೇ ಬಿಡಬೇಕು. ಮರವು ಗಾಳಿಯಿಂದ ಗಳಿಸಿದ್ದು ಮಣ್ಣನ್ನು ಸೇರುವುದು ಬಹುಮಟ್ಟಿಗೆ ಈ ತರಗೆಲೆಯ ಮೂಲಕವೇ.