ಗಾಳಿ ಅಡಗಿದ ಮೇಲಿನ ಮಳೆ

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಬಳಿ ದಡ ದಾಟಿತು. ಮರುದಿನ ಬೆಂಗಳೂರಿನಲ್ಲಿ ನಮ್ಮ ಪಾಲಿಗೆ ಬಂದದ್ದು ಜಿನುಗು ಮಳೆ, ಚಳಿ. ನಾನು ಬೆಳಗಿನ ನಡಿಗೆ ಬಿಟ್ಟು ಕಾಫಿ ಹೀರುತ್ತ ಕುಳಿತೆ. ಅತ್ತ, ಕಡಲಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ಒಳಗಿರುವ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ 24 ಗಂಟೆಗಳಲ್ಲಿ 50 ಸೆಂ.ಮೀ. ಮಳೆ ಸುರಿದು, ನಿಲ್ಲಿಸಿದ್ದ ವಾಹನಗಳು ಕೊಚ್ಚಿಹೋದವು. ತಿರುವಣ್ಣಾಮಲೈಯಲ್ಲಿ ಗುಡ್ಡ ಕುಸಿದು ಏಳು ಮಂದಿ ಮೃತಪಟ್ಟರು.

ನೆಲ ತಲುಪಿದ ಚಂಡಮಾರುತದ ಗಾಳಿ ಬೇಗ ಕುಗ್ಗುತ್ತದೆ. ಅದು ಹೊತ್ತು ತಂದ ತೇವಾಂಶ ಅಷ್ಟು ಬೇಗ ತೀರುವುದಿಲ್ಲ. ‘ದುರ್ಬಲಗೊಂಡಿದೆ’ ಎಂಬ ಪ್ರಕಟಣೆ ಬಂದೊಡನೆ ಒಳನಾಡಿನ ಕಚೇರಿಗಳು ನಿರಾಳವಾಗುವುದನ್ನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಆಶ್ರಯ ಕಟ್ಟಡ, ಅಣಕು ಕಾರ್ಯಾಚರಣೆಗಳು ಬಹುಪಾಲು ಕರಾವಳಿಗೇ ಮೀಸಲು. ಕೋಲಾರದ ಕೆರೆ ಏರಿಗಳನ್ನೂ ಬೆಂಗಳೂರಿನ ರಾಜಕಾಲುವೆಗಳನ್ನೂ ಅಕ್ಟೋಬರಿಗೆ ಮುನ್ನ ತಪಾಸಣೆ ಮಾಡುವ ಹೊಣೆ ಯಾವ ಅಧಿಕಾರಿಯದೆಂದು ಸರ್ಕಾರ ಆದೇಶದಲ್ಲೇ ನಮೂದಿಸಲಿ.