ಝಾರ್ ತಕ್ಕಡಿಯಲ್ಲಿ ರೈತನ ಮತ

1897ರ ಜನಗಣತಿಯಂತೆ ರಷ್ಯಾ ಸಾಮ್ರಾಜ್ಯದ ಜನಸಂಖ್ಯೆ ಸುಮಾರು 12.5 ಕೋಟಿ. ಅದರಲ್ಲಿ ನೂರಕ್ಕೆ 77 ಮಂದಿ ರೈತವರ್ಗದವರು. ಹತ್ತು ವರ್ಷ ಕಳೆದು, 1907ರ ಜೂನ್ 3ರಂದು (ಆಗಿನ ರಷ್ಯನ್ ಪಂಚಾಂಗದ ಲೆಕ್ಕ) ಝಾರ್ ಎರಡನೇ ನಿಕೋಲಸ್ ಹೊಸ ಚುನಾವಣಾ ಕಾನೂನು ಹೊರಡಿಸಿದ. ಡೂಮಾ ಎಂಬ ಸಂಸತ್ತಿಗೆ ಸದಸ್ಯರನ್ನು ಆರಿಸುವ ಪ್ರಾಂತೀಯ ಸಭೆಗಳಲ್ಲಿ ರೈತರ ಪಾಲು ನೂರಕ್ಕೆ ಸುಮಾರು 42 ಇದ್ದದ್ದು 22ಕ್ಕೆ ಇಳಿಯಿತು. ಜಮೀನ್ದಾರರ ಪಾಲು ಮೂರನೇ ಒಂದರಷ್ಟಿದ್ದದ್ದು ಅರ್ಧಕ್ಕೆ ಏರಿತು.

ರೈತ ಹುಟ್ಟಾ ರಾಜಭಕ್ತ ಎಂದು ಆಸ್ಥಾನ ನಂಬಿತ್ತು. 1905ರ ದಂಗೆಯ ನಂತರ ಅವನಿಗೆ ಧಾರಾಳವಾಗಿ ಸ್ಥಾನ ಕೊಟ್ಟದ್ದೂ ಆ ನಂಬಿಕೆಯಿಂದಲೇ. ಗೆದ್ದು ಬಂದ ರೈತ ಕೇಳಿದ್ದು ಜಮೀನ್ದಾರರ ಭೂಮಿಯನ್ನು. ಮೊದಲ ಡೂಮಾ ಬದುಕಿದ್ದು 72 ದಿನ, ಎರಡನೆಯದು 103 ದಿನ. ಈ ನಡುವೆ ಪ್ರಧಾನಿ ಸ್ತೊಲಿಪಿನ್ ಸ್ಥಾಪಿಸಿದ ಸೇನಾ ನ್ಯಾಯಾಲಯಗಳು ಎಂಟು ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಮರಣದಂಡನೆ ವಿಧಿಸಿದವು. ವಿಚಾರಣೆ ಮುಗಿಸಲು ಅವಕ್ಕಿದ್ದ ಗಡುವು ಎರಡೇ ದಿನ.

ಹಳ್ಳಿಯವನ ಮತ ಸಾಗುತ್ತಿದ್ದ ದಾರಿಯನ್ನೊಮ್ಮೆ ನೋಡಿ. ಹತ್ತು ಮನೆಗೆ ಒಬ್ಬನಂತೆ ಆರಿಸಿ ಹೋಬಳಿ ಸಭೆಗೆ ಕಳಿಸಬೇಕು. ಆ ಸಭೆ ಇಬ್ಬರನ್ನು ಜಿಲ್ಲೆಗೆ ಕಳಿಸುತ್ತದೆ. ಜಿಲ್ಲೆಯಲ್ಲಿ ಆಯ್ಕೆಯಾದವರು ಪ್ರಾಂತದ ಸಭೆಗೆ ಹೋಗುತ್ತಾರೆ. ಡೂಮಾಕ್ಕೆ ಹೋಗುವವನು ತೀರ್ಮಾನವಾಗುವುದು ಅಲ್ಲಿ. ಹೆಂಗಸರಿಗೆ ಮತವೇ ಇಲ್ಲ. ಹಳೆಯ ಕಾನೂನಿನಲ್ಲಿ ಪ್ರಾಂತಕ್ಕೊಬ್ಬ ರೈತ ಸದಸ್ಯನನ್ನು ರೈತರೇ ಪ್ರತ್ಯೇಕವಾಗಿ ಕುಳಿತು ಆರಿಸುತ್ತಿದ್ದರು. ಹೊಸ ಕಾನೂನು ಆ ಸ್ಥಾನವನ್ನು ಉಳಿಸಿತು, ಆರಿಸುವ ಹಕ್ಕನ್ನು ಮಾತ್ರ ಇಡೀ ಸಭೆಗೆ ಕೊಟ್ಟಿತು. ಸಭೆಯಲ್ಲಿ ಜಮೀನ್ದಾರರದೇ ಮೇಲುಗೈ. ರೈತನ ಪರ ಮಾತಾಡುವವನು ಯಾರೆಂದು ಅವನ ಧಣಿಯೇ ಗೊತ್ತುಮಾಡುವಂತಾಯಿತು. ಇಡೀ ಕಾನೂನಿನಲ್ಲಿ ನನಗೆ ಅತ್ಯಂತ ಕ್ರೂರವಾಗಿ ಕಾಣುವುದು ಇದೇ.

ಉಳಿದ ಲೆಕ್ಕವೂ ಅದೇ ಜಾಡಿನದು. ನೇರವಾಗಿ ಡೂಮಾಕ್ಕೆ ಸದಸ್ಯರನ್ನು ಕಳಿಸುವ ನಗರಗಳು ಏಳಕ್ಕೆ ಇಳಿದವು. ಪೋಲೆಂಡಿಗೆ ಉಳಿದದ್ದು 14 ಸ್ಥಾನ. ಮಧ್ಯ ಏಷ್ಯಾಕ್ಕೆ ಸೊನ್ನೆ.

ಡೂಮಾದ ಒಪ್ಪಿಗೆಯಿಲ್ಲದೆ ಚುನಾವಣಾ ಕಾನೂನನ್ನು ಬದಲಿಸಬಾರದೆಂದು 1906ರ ಮೂಲ ಶಾಸನದಲ್ಲೇ ಇತ್ತು. ಅದಕ್ಕೆ ಅಂಕಿತ ಹಾಕಿದ್ದ ನಿಕೋಲಸನೇ ಅದನ್ನು ಮುರಿದ. ಹೀಗೆ ಆಯ್ಕೆಯಾದ 442 ಸದಸ್ಯರ ಮೂರನೇ ಡೂಮಾ ಐದು ವರ್ಷದ ಅವಧಿಯನ್ನು ಪೂರೈಸಿತು. ನಾಲ್ಕನೆಯದು ಇನ್ನೂ ಇದ್ದಾಗಲೇ, 1917ರ ಮಾರ್ಚ್ 2ರಂದು, ನಿಕೋಲಸ್ ಸಿಂಹಾಸನ ಬಿಟ್ಟಿಳಿದ.